ಪದ, ಧ್ವನಿ, ವ್ಯಾಕರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ವಾಕ್’ ಎಂಬ ಕ್ರಿಯಾಪದದ ಭೂತಕಾಲವನ್ನು ನಾನು ‘ವಾಕ್ಡ್’ ಎಂದು ಓದಿದಾಗ, ಅದು ‘ವಾಕ್ಟ್’ ಎಂದು ಅಧ್ಯಾಪಕರು ತಿದ್ದಿದರು. ಬರವಣಿಗೆಯಲ್ಲಿ ಎಲ್ಲ ಕಡೆಯೂ ಇ, ಡಿ ಎಂಬ ಎರಡೇ ಅಕ್ಷರಗಳಿರುವಾಗ ಉಚ್ಚಾರಣೆ ಬೇರೆಯಾಗುವುದೇಕೆ? ಇದಕ್ಕೆ ನಿಯಮವಿದೆಯೇ?

ಉತ್ತರ: ನಿಯಮವಿದೆ, ಅದನ್ನು ಅರಿಯಲು ಬೇಕಾದ ಪರಿಭಾಷೆಯೂ ನಮ್ಮ ವರ್ಣಮಾಲೆಯ ಪಾಠದಲ್ಲಿಯೇ ಇದೆ. ಗಂಟಲಿನ ಮೇಲೆ ಬೆರಳಿಟ್ಟು ‘ಮ್’ ಎಂದು ದೀರ್ಘವಾಗಿ ಉಚ್ಚರಿಸಿದರೆ ಕಂಪನ ತಿಳಿಯುತ್ತದೆ, ‘ಸ್’ ಎಂದರೆ ತಿಳಿಯುವುದಿಲ್ಲ. ಮೊದಲನೆಯದು ಘೋಷ, ಎರಡನೆಯದು ಅಘೋಷ. ಕ್ರಿಯಾಪದದ ಕೊನೆಯ ಧ್ವನಿ ಅಘೋಷವಾಗಿದ್ದರೆ ಪ್ರತ್ಯಯವು ‘ಟ್’ ಎಂದು ಕೇಳಿಸುತ್ತದೆ: ವಾಕ್ಟ್, ಹೆಲ್ಪ್ಟ್, ವಾಶ್ಟ್. ಘೋಷ ವ್ಯಂಜನವೋ ಸ್ವರವೋ ಇದ್ದರೆ ‘ಡ್’ ಎಂದಾಗುತ್ತದೆ: ಕಾಲ್ಡ್, ಓಪನ್ಡ್, ಪ್ಲೇಡ್. ಕೊನೆಯಲ್ಲಿ ಟ್ ಅಥವಾ ಡ್ ಮೊದಲೇ ಇದ್ದರೆ ಅದರ ಮೇಲೆ ಇನ್ನೊಂದು ಡ್ ಸೇರಿದಾಗ ಕಿವಿಗೆ ವ್ಯತ್ಯಾಸ ತಿಳಿಯದಾದ್ದರಿಂದ ನಡುವೆ ಸ್ವರವೊಂದು ಬಂದು ‘ವಾಂಟಿಡ್’, ‘ನೀಡಿಡ್’ ಎಂದಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕೊನೆಯ ಧ್ವನಿಯನ್ನೇ ಹೊರತು ಕೊನೆಯ ಅಕ್ಷರವನ್ನಲ್ಲ. ‘ಲಾಫ್’ ಪದದ ಕೊನೆಯಲ್ಲಿ ಜಿ, ಎಚ್ ಅಕ್ಷರಗಳಿದ್ದರೂ ಕೇಳಿಸುವುದು ‘ಫ್’ ಆದ್ದರಿಂದ ಅದು ‘ಲಾಫ್ಟ್’ ಆಗುತ್ತದೆ.

ಕನ್ನಡದ ಆದೇಶ ಸಂಧಿಯನ್ನು ನೆನೆದರೆ ಈ ನಿಯಮ ಅಪರಿಚಿತವೆನಿಸದು. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’, ಕಣ್ ಮತ್ತು ಪನಿ ಸೇರಿ ‘ಕಂಬನಿ’ ಆಗುವಾಗ ಅಘೋಷವಾದ ಕ, ಪಗಳು ಹಿಂದಿನ ಘೋಷ ಧ್ವನಿಗೆ ಹೊಂದಿಕೊಂಡು ಗ, ಬಗಳಾಗುತ್ತವೆ. ಇಂಗ್ಲಿಷಿನ ಈ ಪ್ರತ್ಯಯದಲ್ಲಿ ಬದಲಾವಣೆಯ ದಿಕ್ಕು ತಿರುಗುಮುರುಗಾಗಿದೆ, ಆದರೆ ನೆರೆಯ ಧ್ವನಿಗೆ ಹೊಂದಿಕೊಳ್ಳುವ ಗುಣ ಒಂದೇ. ಹಿಂದೆ ಈ ಪ್ರತ್ಯಯವನ್ನು ಪ್ರತ್ಯೇಕ ಸಿಲಬಲ್ (ಒಂದು ಸ್ವರದ ಸುತ್ತ ಒಟ್ಟಾಗಿ ಉಚ್ಚರಿಸುವ ಪದದ ತುಂಡು) ಆಗಿಯೇ ಉಚ್ಚರಿಸುತ್ತಿದ್ದರು. ‘ಲರ್ನ್ಡ್’ ಎಂದರೆ ‘ಕಲಿತನು’ ಎಂಬ ಕ್ರಿಯೆಯಾದರೆ, ‘ಲರ್ನಿಡ್’ ಎಂದರೆ ‘ವಿದ್ವಾಂಸನಾದ’ ಎಂಬ ಗುಣವಾಚಕವಾಗುವುದು ಆ ಹಳೆಯ ರೂಢಿಯ ಉಳಿಕೆ.

ಪ್ರಶ್ನೆ: ‘ಯೂನಿವರ್ಸಿಟಿ’ ಪದ ‘ಯು’ ಎಂಬ ಸ್ವರಾಕ್ಷರದಿಂದ ಆರಂಭವಾದರೂ ಅದರ ಹಿಂದೆ ‘ಆ್ಯನ್’ ಬರುವುದಿಲ್ಲವೇಕೆ?

ಉತ್ತರ: ಇಲ್ಲಿಯೂ ತೀರ್ಮಾನಿಸುವುದು ಧ್ವನಿಯೇ. ‘ಯೂನಿವರ್ಸಿಟಿ’ ಯಕಾರದಿಂದ, ಅಂದರೆ ವ್ಯಂಜನದಿಂದ ಆರಂಭವಾಗುತ್ತದೆ. ‘ಅವರ್’ ಎಂಬ ಗಂಟೆಯ ಪದದಲ್ಲಿ ಎಚ್ ಅಕ್ಷರ ಉಚ್ಚಾರವಾಗದೆ ಸ್ವರವೇ ಮೊದಲು ಕೇಳಿಸುವುದರಿಂದ ಅದರ ಹಿಂದೆ ‘ಆ್ಯನ್’ ಬರುತ್ತದೆ.

ಪ್ರಶ್ನೆ: ‘ಡೆಟ್’ ಪದದಲ್ಲಿ ಬಿ, ‘ನೀ’ ಪದದಲ್ಲಿ ಕೆ ಇದ್ದೂ ಉಚ್ಚಾರವಾಗುವುದಿಲ್ಲ. ಇಂಥ ಮೌನಾಕ್ಷರಗಳಿಗೆ ಕಾರಣವಿದೆಯೇ, ಅಥವಾ ಸುಮ್ಮನೆ ಬಾಯಿಪಾಠ ಮಾಡಬೇಕೇ?

ಉತ್ತರ: ಕಾರಣಗಳಿವೆ, ಮತ್ತು ನೀವು ಕೊಟ್ಟಿರುವ ಎರಡು ಪದಗಳ ಕಥೆ ಬೇರೆ ಬೇರೆ. ಮೊಣಕಾಲನ್ನು ಸೂಚಿಸುವ ‘ನೀ’ ಪದದ ಕೆ ಒಂದು ಕಾಲದಲ್ಲಿ ನಿಜವಾಗಿಯೂ ಕೇಳಿಸುತ್ತಿತ್ತು. ಸೋದರ ಭಾಷೆಯಾದ ಜರ್ಮನ್‌ನಲ್ಲಿ ಇಂದಿಗೂ ಅದು ‘ಕ್ನೀ’. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದ ಮೇಲೆ ಕಾಗುಣಿತ ಕ್ರಮೇಣ ನೆಲೆಗೊಳ್ಳುತ್ತ ಬಂದಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಹೀಗೆ ಧ್ವನಿ ಬಿದ್ದುಹೋಗಿ ಅಕ್ಷರ ಉಳಿದುಕೊಂಡಿತು.

ಸಾಲವೆಂಬ ಅರ್ಥದ ‘ಡೆಟ್’ನಲ್ಲಿ ಬಿ ಎಂದೂ ಉಚ್ಚಾರವಾದದ್ದೇ ಇಲ್ಲ. ಫ್ರೆಂಚಿನಿಂದ ‘ಡೆಟ್’ ಎಂದೇ ಬಂದ ಪದಕ್ಕೆ, ಅದರ ಲ್ಯಾಟಿನ್ ಮೂಲವಾದ ‘ಡೆಬಿಟಮ್’ ಕಣ್ಣಿಗೆ ಕಾಣಲೆಂದು ವಿದ್ವಾಂಸರು ಬಿ ಸೇರಿಸಿದರು. ‘ಡೌಟ್’ ಪದದ ಬಿ ಕೂಡ ಇದೇ ರೀತಿಯದು. ದ್ವೀಪವನ್ನು ಹೇಳುವ ‘ಐಲಂಡ್’ನಲ್ಲಿ ನಡೆದದ್ದಂತೂ ತಪ್ಪು ತಿಳಿವಳಿಕೆ: ಅದು ಅಚ್ಚ ಇಂಗ್ಲಿಷ್ ಪದವಾಗಿದ್ದರೂ, ಲ್ಯಾಟಿನ್ ಮೂಲದ ‘ಐಲ್’ ಪದಕ್ಕೆ ಅದು ಸಂಬಂಧಿಯೆಂದು ಭಾವಿಸಿ ಎಸ್ ಸೇರಿಸಲಾಯಿತು. ಬಾಯಿಪಾಠ ಸ್ವಲ್ಪಮಟ್ಟಿಗೆ ಬೇಕು, ಆದರೆ ಈ ಹಿನ್ನೆಲೆಯನ್ನು ಹೇಳದೆ ಬರಿದೇ ಬಾಯಿಪಾಠ ಮಾಡಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಿಘಂಟುಗಳಲ್ಲಿ ಇಂಗ್ಲಿಷಿನ ಸಣ್ಣ ‘ಇ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಚಿಹ್ನೆ ಕಾಣುತ್ತದೆ. ಅದನ್ನು ಹೇಗೆ ಉಚ್ಚರಿಸಬೇಕು?

ಉತ್ತರ: ಅದರ ಹೆಸರು ‘ಶ್ವಾ’, ಹೀಬ್ರೂ ವ್ಯಾಕರಣದಿಂದ ಬಂದ ಪದ. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಸ್ವರ ಇದೇ. ಬಾಯಿಯನ್ನು ಹೆಚ್ಚು ತೆರೆಯದೆ, ನಾಲಿಗೆಯನ್ನು ಸಡಿಲವಾಗಿ ಬಿಟ್ಟು, ನಮ್ಮ ಹ್ರಸ್ವ ಅಕಾರವನ್ನು ಮೆಲ್ಲನೆ ಹೇಳಿದರೆ ಅದರ ಸಮೀಪಕ್ಕೆ ಬರುತ್ತೇವೆ. ಒತ್ತು ಬೀಳದ ಸಿಲಬಲ್‌ನಲ್ಲಿ ಯಾವ ಸ್ವರಾಕ್ಷರವಿದ್ದರೂ ಅದು ಶ್ವಾ ಆಗಬಹುದು: ‘ಅಬೌಟ್’ನ ಮೊದಲ ಎ, ‘ಲೆಮನ್’ನ ಓ, ‘ಸರ್ಕಸ್’ನ ಯು ಮೂರೂ ಒಂದೇ ಧ್ವನಿ. ಕನ್ನಡದಲ್ಲಿ ಬರೆದ ಪ್ರತಿ ಸ್ವರಕ್ಕೂ ಪೂರ್ಣ ಬೆಲೆ ಕೊಟ್ಟು ಓದುವ ಒಳ್ಳೆಯ ಅಭ್ಯಾಸ ನಮಗಿರುವುದರಿಂದ, ಇಂಗ್ಲಿಷ್ ಮಾತನಾಡುವಾಗಲೂ ಎಲ್ಲ ಸಿಲಬಲ್‌ಗಳಿಗೆ ಸಮಾನ ತೂಕ ಕೊಡುತ್ತೇವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಸಿಲಬಲ್ ಮೇಲಿದ್ದರೆ, ‘ಫಟಾಗ್ರಫಿ’ಯಲ್ಲಿ ಅದು ಎರಡನೆಯದಕ್ಕೆ ಸರಿಯುತ್ತದೆ, ಮೊದಲಿನ ‘ಫೋ’ ಕುಗ್ಗಿ ಶ್ವಾ ಆಗುತ್ತದೆ. ನಿಘಂಟಿನಲ್ಲಿ ಪದದ ಉಚ್ಚಾರಣೆಯನ್ನು ನೋಡುವಾಗ ಮೇಲ್ಭಾಗದಲ್ಲಿರುವ ಸಣ್ಣ ಲಂಬ ಗೆರೆಯನ್ನು ಮೊದಲು ಹುಡುಕಿ. ಅಂತಾರಾಷ್ಟ್ರೀಯ ಧ್ವನಿಲಿಪಿಯಲ್ಲಿ ಒತ್ತು ಬೀಳುವುದು ಆ ಗೆರೆಯ ಮುಂದಿನ ಸಿಲಬಲ್ ಮೇಲೆ.