ಓಟ ಬಂದೀತು ಅಕ್ಕಾ, ಮರಾಠಿ ನೋಡಿಕೊಳ್ಳಿ

ಮೈಸೂರು ಬಿಟ್ಟು ಪುಣೆಗೆ ಬಂದಿದ್ದೀರಿ. ಮಗಳು ಪೊಲೀಸ್ ಆಗ್ತೀನಿ ಅಂತಾಳೆ, ಹೇಗೆ ತಯಾರಿ ಮಾಡಿಸಲಿ ಅಂತ ಕೇಳಿದ್ದೀರಿ. ನಾನು ಅಕ್ಕಲಕೋಟೆ ಕಡೆಯವಳು. ನಮ್ಮಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಪೊಲೀಸ್ ನೇಮಕಾತಿಗೆ ಇಲ್ಲಿ ಭರತಿ ಅಂತಾರೆ. ‘ಅವಳು ಭರತಿ ಮಾಡ್ತಾಳೆ’ ಅಂದರೆ ನಮ್ಮೂರಲ್ಲಿ ಒಂದೇ ಅರ್ಥ: ಬೆಳಗ್ಗೆ ಐದಕ್ಕೆ ಎದ್ದು ಓಡ್ತಾಳೆ.

ಮೊದಲು ಕಾಗದ ನೋಡಿ. ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಅನ್ನುವ ಪ್ರಮಾಣಪತ್ರ ಬೇಕು. ಮಗಳು ಇಲ್ಲಿ ಹುಟ್ಟಿಲ್ಲ ಅಂದರೆ 15 ವರ್ಷ ಇಲ್ಲೇ ಇದ್ದ ಪುರಾವೆ ಕೇಳ್ತಾರೆ. ಕರ್ನಾಟಕದ ಜಾತಿ ಪ್ರಮಾಣಪತ್ರಕ್ಕೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ. ಕಾಗದ ಆಗದಿದ್ದರೆ ಬೇಜಾರು ಬೇಡ, ಕರ್ನಾಟಕದ ಭರತಿ ಇದೆ. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ನಡೆಯುವ ಎಸ್‌ಎಸ್‌ಸಿ ಜಿಡಿ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಅವೆರಡಕ್ಕೂ ಹೆಣ್ಣುಮಕ್ಕಳ ಎತ್ತರ 157 ಸೆಂಟಿಮೀಟರ್ ಇರಬೇಕು, ಮಹಾರಾಷ್ಟ್ರದಲ್ಲಿ 155 ಸಾಕು.

ಇಲ್ಲಿ ಶಿಪಾಯಿ (ಕಾನ್‌ಸ್ಟೇಬಲ್) ಹುದ್ದೆಗೆ 12ನೇ ತರಗತಿ ಪಾಸಾಗಿರಬೇಕು. ಮೈದಾನಕ್ಕೆ 50 ಅಂಕ: 800 ಮೀಟರ್ ಓಟಕ್ಕೆ 20, 100 ಮೀಟರಿಗೆ 15, ಗುಂಡು ಎಸೆತಕ್ಕೆ 15. ಎಲ್ಲರೂ ಓಟದ ಹಿಂದೆ ಬೀಳ್ತಾರೆ, ಗುಂಡು ಮರೆತುಬಿಡ್ತಾರೆ. ನನ್ನ ಅಕ್ಕನ ಮಗಳು ಪುಣೆಯ ಹಡಪ್ಸರದ ನಮ್ಮ ಮನೆಯಲ್ಲೇ ಇದ್ದು ತಯಾರಿ ಮಾಡಿದಳು. ಮೊದಲು ಆ ನಾಲ್ಕು ಕಿಲೋ ಗುಂಡನ್ನು ಕ್ರಿಕೆಟ್ ಚೆಂಡಿನ ಹಾಗೆ ಬೀಸಿ ಎಸೆದು ಭುಜ ನೋಯಿಸಿಕೊಂಡಳು. ಹದಿನೈದು ದಿನ ಚಪಾತಿ ಲಟ್ಟಿಸೋಕೂ ಆಗಲಿಲ್ಲ. ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳುಗಳ ಬುಡದಲ್ಲಿರಬೇಕು, ಕುತ್ತಿಗೆಗೆ ಒತ್ತಿರಬೇಕು. ಎಸೆಯುವುದಲ್ಲ, ತಳ್ಳುವುದು. ಶಕ್ತಿ ಕಾಲುಗಳಿಂದ ಬರಬೇಕು. ಇಷ್ಟು ಹೇಳಿಕೊಡುವವರು ಒಬ್ಬರಿದ್ದರೆ ಸಾಕು, ದುಬಾರಿ ಅಕಾಡೆಮಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ನಿಜವಾದ ಗುಡ್ಡ ಅಂದರೆ 100 ಅಂಕದ ಲಿಖಿತ ಪರೀಕ್ಷೆ. ಅದು ಮರಾಠಿಯಲ್ಲಿ. ಲೆಕ್ಕ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆಯ ಪ್ರಶ್ನೆಗಳ ಜೊತೆ ಮರಾಠಿ ವ್ಯಾಕರಣವೂ ಇರುತ್ತದೆ. ನಮ್ಮ ಮಕ್ಕಳು ಮರಾಠಿ ಚೆನ್ನಾಗೇ ಮಾತಾಡ್ತಾರೆ, ‘ಳ’ ಅಂತೂ ನಮಗೆ ಹುಟ್ಟಿನಿಂದಲೇ ಬಂದಿದೆ. ಎಡವುವುದು ಲಿಂಗದಲ್ಲಿ. ಕನ್ನಡದಲ್ಲಿ ಜೀವ ಇಲ್ಲದ್ದೆಲ್ಲ ‘ಅದು’, ಮುಗೀತು. ಮರಾಠಿಯಲ್ಲಿ ಕಲ್ಲು ಗಂಡು, ಗೋಡೆ ಹೆಣ್ಣು, ಬಾಗಿಲು ನಪುಂಸಕ. ಯಾಕೆ ಅಂತ ಕೇಳಬೇಡಿ. ನಮ್ಮ ಹುಡುಗಿ ಗೋಡೆಗೆ ಗಂಡಿನ ‘ತೋ’ ಸೇರಿಸಿ ‘ತೋ ಭಿಂತ’ ಅಂದು ಗೆಳತಿಯರೆಲ್ಲ ನಕ್ಕ ದಿನ ಮನೆಗೆ ಬಂದು ಸಾಮಾನುಗಳಿಗೆಲ್ಲ ಚೀಟಿ ಅಂಟಿಸಿದಳು: ಗಂಡಿಗೆ ತೋ, ಹೆಣ್ಣಿಗೆ ತೀ, ನಪುಂಸಕಕ್ಕೆ ತೇ. ಫ್ರಿಜ್ ಮೇಲಿನ ‘ತೋ’ ಇನ್ನೂ ಹೋಗಿಲ್ಲ. ಮೊದಲ ಸಲ ಮೈದಾನ ದಾಟಿ ಲಿಖಿತದಲ್ಲಿ ಫೇಲಾದಳು. ಎರಡನೇ ಸಲ ದಿನಾ ಒಂದು ಮರಾಠಿ ಪೇಪರು, ಗಟ್ಟಿಯಾಗಿ ಓದಿಸಿದೆವು. ಈಗ ಕೆಲಸದಲ್ಲಿದ್ದಾಳೆ.

ಹೆಣ್ಣುಮಕ್ಕಳಿಗೆ 30 ಶೇಕಡಾ ಮೀಸಲು ಇದೆ. ಪುಣೆಗೆ 2010ರಲ್ಲಿ ಮೀರಾನ್ ಬೋರವಣಕರ್ ಕಮಿಷನರ್ ಆಗಿದ್ದರು, 2024ರಲ್ಲಿ ರಶ್ಮಿ ಶುಕ್ಲಾ ಇಡೀ ರಾಜ್ಯದ ಪೊಲೀಸ್ ಮುಖ್ಯಸ್ಥೆ (ಡಿಜಿಪಿ) ಆದರು. ಮನೆಯಲ್ಲಿ ಹಿರಿಯರು ಗೊಣಗಿದರೆ ಹೇಳೋಕೆ ಬೇಕಾಗುತ್ತೆ ಅಲ್ವಾ, ಅದಕ್ಕೆ ಬರೆದೆ.

ಆದರೆ ಶಿಪಾಯಿಯ ದಿನ ಬೇರೆ. ಬಂದೋಬಸ್ತ್ ಅಂದರೆ ಜಾಸ್ತಿ ಹೊತ್ತು ನಿಂತೇ ಇರಬೇಕು. ಶೌಚಾಲಯ ಎಲ್ಲಿದೆ ಅಂತ ಮೊದಲು ಹುಡುಕಿಟ್ಟುಕೊಳ್ಳುವುದು ನಮ್ಮ ಹುಡುಗಿಯ ಅಭ್ಯಾಸ, ನೀರೂ ಲೆಕ್ಕ ಹಾಕಿ ಕುಡಿಯುತ್ತಾಳೆ. ಪುಣೆಯ ಗಣಪತಿ ಮೆರವಣಿಗೆ 24 ಗಂಟೆ ದಾಟುವುದುಂಟು. ಈ ಸಲ ವಿಸರ್ಜನೆಯ ಮಾರನೇ ಬೆಳಗ್ಗೆ ಮಗಳನ್ನು ಮೆರವಣಿಗೆ ಹಾದುಹೋಗುವ ಅಲಕಾ ಚೌಕಕ್ಕೆ ಕರೆದುಕೊಂಡು ಹೋಗಿ. ರಾತ್ರಿಯಿಡೀ ನಿಂತ ಹೆಣ್ಣುಮಕ್ಕಳು ಬ್ಯಾರಿಕೇಡಿಗೆ ಒರಗಿ, ಒಂದು ಕಾಲು ಶೂನಿಂದ ತೆಗೆದು ಚಹಾ ಕುಡಿಯುತ್ತಿರುತ್ತಾರೆ. ಹತ್ತಿರ ಹೋಗಿ ಮಾತಾಡಿಸಲಿ. ಮರಾಠಿಯಲ್ಲೇ.