ಮೆಡಿಕಲ್ ರೆಪ್ ಆಗಿದ್ದವರು ಸೇಫ್ಟಿ ಆಫೀಸರ್ ಆಗಬಹುದೇ?

ಪ್ರಶ್ನೆ: ನನಗೆ 33 ವರ್ಷ, ಊರು ದಾವಣಗೆರೆ. ರಸಾಯನಶಾಸ್ತ್ರ ಓದಿರುವ ಬಿ.ಎಸ್ಸಿ ಪದವೀಧರ. ಒಂಬತ್ತು ವರ್ಷದಿಂದ ಮೆಡಿಕಲ್ ರೆಪ್ ಆಗಿದ್ದೇನೆ, ಟಾರ್ಗೆಟ್ ಬೆನ್ನತ್ತಿ ಸಾಕಾಗಿದೆ. ಕಾರ್ಖಾನೆಗಳ ಸುರಕ್ಷತಾ ವಿಭಾಗಕ್ಕೆ ಬರುವ ಆಸೆ. '15 ದಿನದ ಕೋರ್ಸ್, 40 ಸಾವಿರ ಶುಲ್ಕ, ಮುಗಿಸಿದರೆ ಸೇಫ್ಟಿ ಆಫೀಸರ್ ಕೆಲಸ ಖಚಿತ' ಎಂದು ಒಂದು ತರಬೇತಿ ಸಂಸ್ಥೆ ಹೇಳುತ್ತಿದೆ. ಕಾರ್ಖಾನೆಯೊಳಗೆ ಒಂದು ದಿನವೂ ದುಡಿದವನಲ್ಲ. ಸೇರಲೇ?

ಉತ್ತರ: ಸದ್ಯಕ್ಕೆ ಆ ಹಣ ಕಟ್ಟಬೇಡಿ. ಕ್ಷೇತ್ರ ಬದಲಿಸುವ ಯೋಚನೆಯನ್ನೂ ಬಿಡಬೇಡಿ. ಇವೆರಡೂ ಬೇರೆ ಬೇರೆ ಮಾತು.

'ಸೇಫ್ಟಿ ಆಫೀಸರ್' ಎಂಬ ಹೆಸರು ಎರಡು ಅರ್ಥದಲ್ಲಿ ಓಡಾಡುತ್ತಿದೆ. ಕಂಪನಿ ತನ್ನ ಇಷ್ಟಕ್ಕೆ ಕೊಡುವ ಹುದ್ದೆ ಒಂದು. ಕಾನೂನಿನ ಪ್ರಕಾರ ನೇಮಿಸಲೇಬೇಕಾದ ಹುದ್ದೆ ಇನ್ನೊಂದು. 1948ರ ಕಾರ್ಖಾನೆ ಕಾಯ್ದೆಯ 40-ಬಿ ಕಲಮಿನಂತೆ ಸಾವಿರ ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಈ ಹುದ್ದೆ ಕಡ್ಡಾಯವಾಗಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಈ ಮಿತಿಯನ್ನು ಇಳಿಸಿದೆ: ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಗೆ 250, ಕಟ್ಟಡ ಕಾಮಗಾರಿಗೆ 250, ಗಣಿಗೆ 100. ಅಂದರೆ ಹುದ್ದೆಗಳು ಹೆಚ್ಚುತ್ತವೆ. ಆದರೆ ಅರ್ಹತೆ ಸಡಿಲವಾಯಿತು ಎಂದು ತಿಳಿಯಬೇಡಿ.

ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಅರ್ಹತೆ ಹೀಗಿದೆ. ಎಂಜಿನಿಯರಿಂಗ್ ಪದವಿ ಇದ್ದರೆ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ 2 ವರ್ಷದ ಅನುಭವ ಬೇಕು. ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವಿಯಾದರೆ 5 ವರ್ಷ, ಎಂಜಿನಿಯರಿಂಗ್ ಡಿಪ್ಲೊಮಾ ಆದರೂ 5 ವರ್ಷ. ಇದರ ಜತೆಗೆ ಸರ್ಕಾರ ಮಾನ್ಯ ಮಾಡಿದ ಔದ್ಯೋಗಿಕ ಸುರಕ್ಷತೆಯ ಡಿಪ್ಲೊಮಾ ಇರಬೇಕು. ಅಲ್ಲಿನ ಬಹುಪಾಲು ಕಾರ್ಮಿಕರು ಆಡುವ ಭಾಷೆಯೂ ಚೆನ್ನಾಗಿ ಬರಬೇಕು. ಈ ಕೊನೆಯ ಷರತ್ತನ್ನು ಹಗುರವಾಗಿ ಕಾಣಬೇಡಿ. ಕನ್ನಡದ ಜತೆ ಕೆಲಸಕ್ಕಾಗುವಷ್ಟು ಹಿಂದಿ ಕಲಿತರೆ ರಾಜ್ಯದ ಬಹಳಷ್ಟು ಸೈಟ್‌ಗಳಲ್ಲಿ ನಿಮ್ಮ ಮಾತು ಕಾರ್ಮಿಕರಿಗೆ ಮುಟ್ಟುತ್ತದೆ.

ಈಗ ನಿಮ್ಮ ಲೆಕ್ಕ ನೋಡಿ. ಪದವಿ ಸರಿಯಾಗಿದೆ. ಕೊರತೆ ಇರುವುದು ಕಾರ್ಖಾನೆಯೊಳಗಿನ ಐದು ವರ್ಷ ಮತ್ತು ಡಿಪ್ಲೊಮಾ. 15 ದಿನದ ಕೋರ್ಸ್ ಇವೆರಡರಲ್ಲಿ ಒಂದನ್ನೂ ತುಂಬುವುದಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯದಡಿ ಮುಂಬೈಯ ಸಯಾನ್‌ನಲ್ಲಿ ಕೇಂದ್ರೀಯ ಕಾರ್ಮಿಕ ಸಂಸ್ಥೆ ಇದೆ, ಚೆನ್ನೈ, ಕೋಲ್ಕತ್ತ, ಕಾನ್ಪುರ, ಫರೀದಾಬಾದ್‌ಗಳಲ್ಲಿ ಪ್ರಾದೇಶಿಕ ಸಂಸ್ಥೆಗಳಿವೆ. ಇವು ನಡೆಸುವ ಒಂದು ವರ್ಷದ ಉನ್ನತ ಡಿಪ್ಲೊಮಾಕ್ಕೆ ಉದ್ಯಮದಲ್ಲಿ ಬೆಲೆ ಹೆಚ್ಚು. ಬೇರೆ ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮುನ್ನ ರಾಜ್ಯದ ಕಾರ್ಖಾನೆ, ಬಾಯ್ಲರ್, ಔದ್ಯೋಗಿಕ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಪತ್ರ ಬರೆಯಿರಿ. 'ಈ ಸಂಸ್ಥೆಯ ಈ ಡಿಪ್ಲೊಮಾ ಸುರಕ್ಷಾ ಅಧಿಕಾರಿಯ ನೇಮಕಕ್ಕೆ ಮಾನ್ಯವೇ?' ಎಂಬ ಒಂದೇ ಸಾಲು ಸಾಕು. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಡಿಪ್ಲೊಮಾದ ಪ್ರವೇಶಕ್ಕೇ ಅನುಭವ ಕೇಳುವುದೂ ಉಂಟು, ಹಾಗಾಗಿ ಪ್ರಕಟಣೆಯ ಷರತ್ತುಗಳನ್ನು ಮೊದಲು ಓದಿ.

ಆ ಐದು ವರ್ಷ ಎಲ್ಲಿಂದ ತರುವುದು? ನಿಮಗೆ ಹತ್ತಿರದ ದಾರಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು. ಜಿಗಣಿ, ನಂಜನಗೂಡು, ಬೀದರ್ ಕಡೆ ಇಂಥ ಘಟಕಗಳಿವೆ. ಔಷಧಗಳ ಪರಿಚಯ ನಿಮಗಿದೆ, ರಸಾಯನಶಾಸ್ತ್ರ ಓದಿದ್ದೀರಿ. ಉತ್ಪಾದನಾ ವಿಭಾಗದಲ್ಲಿ ಕೆಮಿಸ್ಟ್ ಆಗಿ ಸೇರಿ ಶಿಫ್ಟ್ ನೋಡಿಕೊಳ್ಳುವ ಮಟ್ಟಕ್ಕೆ ಬನ್ನಿ, ಅಥವಾ ಪರಿಸರ ಮತ್ತು ಸುರಕ್ಷತಾ ವಿಭಾಗದಲ್ಲೇ ಸಹಾಯಕರಾಗಿ ಸೇರಿ ಮೇಲ್ವಿಚಾರಕರ ಹುದ್ದೆಗೆ ಏರಿ. ಮೊದಲ ವರ್ಷ ಈಗಿನದಕ್ಕಿಂತ ಕಡಿಮೆ ಸಂಬಳ, ರಾತ್ರಿ ಪಾಳಿ ಎರಡಕ್ಕೂ ಮನೆಯವರನ್ನು ಒಪ್ಪಿಸಿಕೊಂಡೇ ಹೊರಡಿ.

ಇಲ್ಲಿ ಬಹಳ ಜನ ಎಡವುವುದು ಕಾಗದದಲ್ಲಿ. ಮ್ಯಾನ್‌ಪವರ್ ಏಜೆನ್ಸಿಯ ಮೂಲಕ 'ಹೆಲ್ಪರ್' ಎಂದು ಸೇರಿಸಿಕೊಳ್ಳುತ್ತಾರೆ, ಮಾಡಿಸುವುದು ಮೇಲ್ವಿಚಾರಕನ ಕೆಲಸ. ಐದು ವರ್ಷ ಕಳೆದ ಮೇಲೆ ಅನುಭವ ಪತ್ರದಲ್ಲಿ 'ಹೆಲ್ಪರ್' ಎಂದೇ ಇರುತ್ತದೆ, ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು, ಎಷ್ಟು ಜನರ ಮೇಲ್ವಿಚಾರಣೆ, ಯಾವ ವಿಭಾಗ ಎಂಬುದು ಮೊದಲ ದಿನವೇ ಬರಲಿ. ಪಿಎಫ್ ಖಾತೆಯಲ್ಲಿ ಸೇರಿದ ದಿನಾಂಕ ಪತ್ರಕ್ಕೆ ತಾಳೆಯಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಬ್ರಿಟನ್ನಿನ ನೆಬಾಷ್ ಸಂಸ್ಥೆಯ ಅಂತರರಾಷ್ಟ್ರೀಯ ಸಾಮಾನ್ಯ ಸರ್ಟಿಫಿಕೇಟ್ ಬಗ್ಗೆಯೂ ನೀವು ಕೇಳಿರಬಹುದು. ಅದು ಒಳ್ಳೆಯ ಓದು. ಅದರಲ್ಲಿ ಎರಡು ಭಾಗ: ಪುಸ್ತಕ ನೋಡಿ ಬರೆಯುವ ಒಂದು ಪರೀಕ್ಷೆ, ನಿಜವಾದ ಕೆಲಸದ ಸ್ಥಳಕ್ಕೆ ಮಾಡಿ ಒಪ್ಪಿಸಬೇಕಾದ ಒಂದು ಅಪಾಯ ಅಂದಾಜು. ಕೊಲ್ಲಿ ದೇಶಗಳ ಸೈಟ್‌ಗಳಲ್ಲೂ ಇಲ್ಲಿನ ದೊಡ್ಡ ಗುತ್ತಿಗೆದಾರರಲ್ಲೂ ಅದಕ್ಕೆ ಮನ್ನಣೆ ಇದೆ. ಆದರೆ ನಮ್ಮ ಕಾರ್ಖಾನೆ ಕಾನೂನು ಕೇಳುವ ಡಿಪ್ಲೊಮಾಕ್ಕೆ ಅದು ಬದಲಿಯಲ್ಲ. ಒಳಗೆ ಕಾಲಿಟ್ಟ ಒಂದು ವರ್ಷದ ಮೇಲೆ ಮಾಡಿದರೆ ಆ ಅಂದಾಜನ್ನು ಕಣ್ಣಾರೆ ಕಂಡು ಬರೆಯುತ್ತೀರಿ.

ಅಲ್ಲಿಯವರೆಗೆ ಈಗಿನ ಕೆಲಸದಲ್ಲೇ ಅಭ್ಯಾಸ ಶುರು ಮಾಡಿ. ನೀವು ವಾರವಾರ ಹೋಗುವ ಔಷಧ ಗೋದಾಮನ್ನೇ ತೆಗೆದುಕೊಳ್ಳಿ. ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಕೆಲಸ, ಅದರಲ್ಲಿರುವ ಅಪಾಯ, ಯಾರಿಗೆ, ಈಗಿರುವ ತಡೆ, ಇನ್ನೇನು ಬೇಕು. ಮೂರು ಮೀಟರ್ ಎತ್ತರದ ರ‍್ಯಾಕ್‌ನಿಂದ 18 ಕೆಜಿಯ ಪೆಟ್ಟಿಗೆಯನ್ನು ಏಣಿ ಹತ್ತಿ ಇಳಿಸುತ್ತಿದ್ದಾರೆ ಎನ್ನಿ. ಹೊಸಬರು ಕೊನೆಯ ಕಾಲಂನಲ್ಲಿ 'ಹೆಲ್ಮೆಟ್ ಹಾಕಬೇಕು, ತರಬೇತಿ ಕೊಡಬೇಕು' ಎಂದು ಬರೆದು ಮುಗಿಸುತ್ತಾರೆ. ಏಣಿಯಿಂದ ಬೀಳುವುದನ್ನು ಹೆಲ್ಮೆಟ್ ತಡೆಯುವುದಿಲ್ಲ. ಭಾರದ, ಹೆಚ್ಚು ಓಡುವ ಸರಕನ್ನು ಸೊಂಟದ ಎತ್ತರದ ಸಾಲಿಗೆ ಇಳಿಸಿದರೆ ಏಣಿ ಹತ್ತುವ ಪ್ರಸಂಗವೇ ಇಲ್ಲ. ಅಪಾಯವನ್ನೇ ತೆಗೆಯುವುದು, ಆಗದಿದ್ದರೆ ಬದಲಿ ತರುವುದು, ಆಮೇಲೆ ಯಂತ್ರದ ತಡೆ, ಆಮೇಲೆ ನಿಯಮ ಮತ್ತು ತರಬೇತಿ, ಕಟ್ಟಕಡೆಗೆ ಮೈಮೇಲಿನ ರಕ್ಷಣೆ. ಸಂದರ್ಶನದಲ್ಲಿ ಈ ಕ್ರಮವನ್ನು ಬಾಯಿಪಾಠ ಒಪ್ಪಿಸಿದರೆ ಸಾಲದು, ಇಂಥ ಹತ್ತು ಹಾಳೆ ಕೈಯಲ್ಲಿರಬೇಕು.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದ ಪ್ರೆಸ್ ಶಾಪ್‌ನಲ್ಲಿ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಘಟಕ) ಏಳು ವರ್ಷದಿಂದ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಕಟ್ಟಡ ಸೈಟ್‌ನ ಸೇಫ್ಟಿ ಕೆಲಸಕ್ಕೆ ಕರೆ ಬಂದಿದೆ. ನನಗೆ ಸೇಫ್ಟಿ ಅನುಭವವೇ ಇಲ್ಲ. ಒಪ್ಪಿಕೊಳ್ಳಲೇ?

ಉತ್ತರ: ಅನುಭವ ಇಲ್ಲ ಎನ್ನಬೇಡಿ. ಕಾರ್ಖಾನೆಯ ಮೇಲ್ವಿಚಾರಣೆಯಲ್ಲಿ ಏಳು ವರ್ಷ ಕಳೆದಿದ್ದೀರಿ, ಕಾನೂನು ಕೇಳುವುದು ಐದು. ಮಾನ್ಯ ಸುರಕ್ಷತಾ ಡಿಪ್ಲೊಮಾ ಒಂದು ಸೇರಿದರೆ ಕಾರ್ಖಾನೆಯಲ್ಲೇ ನಿಮಗೆ ದಾರಿ ತೆರೆದಿದೆ. ಎರಡೂ ಕೈಯಿಂದ ಒತ್ತಿದರಷ್ಟೇ ಪ್ರೆಸ್ ಓಡುವ ಬಟನ್, ಡೈ (ಅಚ್ಚು) ಬದಲಿಸುವಾಗ ಮೇನ್ ಸ್ವಿಚ್‌ಗೆ ಬೀಗ ಹಾಕಿ ಚೀಟಿ ತೂಗಿಸುವುದು ನಿಮಗೆ ದಿನದ ಕೆಲಸ. ಪುಸ್ತಕ ಓದಿ ಬಂದವರಿಗೆ ಇದನ್ನು ಕಲಿಯಲು ವರ್ಷ ಹಿಡಿಯುತ್ತದೆ.

ಕಟ್ಟಡಕ್ಕೇ ಹೋಗುವುದಾದರೆ ಎತ್ತರದ ಕೆಲಸವನ್ನು ಅಂಕಿಯಲ್ಲಿ ಯೋಚಿಸಲು ಕಲಿಯಿರಿ. ಸೆಂಟ್ರಿಂಗ್ ಕೆಲಸಗಾರ ಮೊದಲ ಮಹಡಿಯ ಅಂಚಿನಲ್ಲಿ, ನೆಲದಿಂದ ಮೂರೂವರೆ ಮೀಟರ್ ಮೇಲೆ ನಿಂತಿದ್ದಾನೆ. ಬೆನ್ನಿನಲ್ಲಿ ಉಂಗುರವಿರುವ ಸೇಫ್ಟಿ ಬೆಲ್ಟ್ ಹಾಕಿದ್ದಾನೆ, ಅದರ ಹಗ್ಗದ ಕೊಕ್ಕೆಯನ್ನು ಕಾಲ ಬುಡದ ಸರಳಿಗೆ ಸಿಕ್ಕಿಸಿದ್ದಾನೆ. ನೋಡುವವರಿಗೆ ಎಲ್ಲ ಸರಿ. ಈಗ ಲೆಕ್ಕ ಹಾಕಿ. ಹಗ್ಗದ ಉದ್ದ 2 ಮೀಟರ್. ಬಿದ್ದ ಹೊಡೆತವನ್ನು ಹೀರುವ ಪಟ್ಟಿ ಬಿಚ್ಚಿಕೊಂಡರೆ ಹೆಚ್ಚೆಂದರೆ ಇನ್ನು 1.75. ಬೆನ್ನಿನ ಉಂಗುರದಿಂದ ಪಾದದವರೆಗೆ ಸುಮಾರು 1.5. ಕೆಳಗೆ 1 ಮೀಟರ್ ಜಾಗ ಮಿಗಬೇಕು. ಕೂಡಿದರೆ 6.25 ಮೀಟರ್. ಇರುವುದು ಮೂರೂವರೆ. ಹಗ್ಗ ಬಿಗಿದು ತಡೆಯುವ ಮೊದಲೇ ಆತ ನೆಲಕ್ಕೆ ಅಪ್ಪಳಿಸುತ್ತಾನೆ. ಇಲ್ಲಿ ಬೇಕಾದದ್ದು ಅಂಚಿಗೆ ಗಟ್ಟಿ ಕಟಕಟೆ, ಇಲ್ಲವೇ ತಲೆಯ ಮೇಲೆ ಕೊಕ್ಕೆ ಹಾಕಲು ಗಟ್ಟಿ ಆಧಾರ ಮತ್ತು ತಾನೇ ಸುತ್ತಿಕೊಳ್ಳುವ ಗಿಡ್ಡ ಹಗ್ಗ. 'ಬೆಲ್ಟ್ ಹಾಕಿದ್ದಾರೆ' ಎಂದು ರಿಜಿಸ್ಟರ್‌ನಲ್ಲಿ ಟಿಕ್ ಹಾಕಿ ಮುಂದೆ ಹೋಗುವವರಿಂದ ಜೀವ ಉಳಿಯುವುದಿಲ್ಲ.

ಇನ್ನೊಂದು ಜಾಗ ಕೊಳಚೆ ನೀರಿನ ತೊಟ್ಟಿ. ಯಾರನ್ನೂ ಇಳಿಸುವ ಮುನ್ನ ಗ್ಯಾಸ್ ಮೀಟರಿನಲ್ಲಿ ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಆಮೇಲೆ ವಿಷಾನಿಲ ನೋಡಬೇಕು. ಮೇಲೆ, ನಡುವೆ, ತಳ ಮೂರೂ ಕಡೆ ನೋಡಬೇಕು, ಏಕೆಂದರೆ ಮೀಥೇನ್ ಮೇಲಕ್ಕೇರುತ್ತದೆ, ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂರುತ್ತದೆ. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. 'ವಾಸನೆ ಬರ್ತಾ ಇಲ್ಲ ಸಾರ್' ಎಂಬ ಮೇಸ್ತ್ರಿಯ ಮಾತನ್ನು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣ ಶಕ್ತಿಯೇ ಸತ್ತುಹೋಗುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಹಾರಿದ ಎರಡನೆಯವನೂ ಸಾಯುವುದು ಇದರಿಂದಲೇ. ಮೇಲಿನಿಂದಲೇ ಎಳೆದುಕೊಳ್ಳಲು ಮುಕ್ಕಾಲಿ, ವಿಂಚ್, ಇಳಿದವನ ಮೈಗೆ ಕಟ್ಟಿದ ಹಗ್ಗ ಸಿದ್ಧವಿಲ್ಲದಿದ್ದರೆ ತೊಟ್ಟಿಗಿಳಿಯುವ ಪರ್ಮಿಟ್‌ಗೆ (ಲಿಖಿತ ಅನುಮತಿಗೆ) ಸಹಿ ಹಾಕಬೇಡಿ.

ಕೆಲಸ ಒಪ್ಪುವ ಮುನ್ನ ಗುತ್ತಿಗೆದಾರರನ್ನು ಒಂದು ವಿಷಯ ಕೇಳಿ: ಕೆಲಸ ನಿಲ್ಲಿಸುವ ಅಧಿಕಾರ ನನಗಿದೆಯೇ, ನಾನು ವರದಿ ಒಪ್ಪಿಸುವುದು ಯಾರಿಗೆ? ಕಾಮಗಾರಿ ಮುಗಿಸುವ ಗಡುವು ಹೊತ್ತ ಎಂಜಿನಿಯರ್ ಕೈಕೆಳಗೇ ಕೂರಿಸುತ್ತಾರೆ ಎಂದಾದರೆ ಬೇರೆ ಸೈಟ್ ಹುಡುಕಿ.

ಪ್ರಶ್ನೆ: ಬಿ.ಕಾಂ ಓದಿದ್ದೇನೆ, ಗಾರ್ಮೆಂಟ್ಸ್‌ನ ಎಚ್‌ಆರ್ ವಿಭಾಗದಲ್ಲಿದ್ದೇನೆ. ನನ್ನಂಥ ಮಹಿಳೆಗೆ ಇಲ್ಲಿ ಜಾಗ ಇದೆಯೇ?

ಉತ್ತರ: ಕಾನೂನಿನ ಸುರಕ್ಷಾ ಅಧಿಕಾರಿ ಹುದ್ದೆಗೆ ಬಿ.ಕಾಂ ಸಾಲದು. ಆದರೆ ಸುರಕ್ಷತಾ ಸಮಿತಿಯ ಸಭೆ, ತರಬೇತಿ ದಾಖಲೆ, ಐಎಸ್‌ಒ 45001 (ಕೆಲಸದ ಸ್ಥಳದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಕಡತ, ಅಪಘಾತ ವರದಿ, ಬೆಂಕಿ ಅಣಕು ಕವಾಯತು ನೋಡಿಕೊಳ್ಳುವ ಸಂಯೋಜಕರ ಕೆಲಸಕ್ಕೆ ಎಚ್‌ಆರ್‌ನಿಂದಲೇ ಬರಬಹುದು. ಈಗಿರುವ ಕಾರ್ಖಾನೆಯಲ್ಲೇ ಸಮಿತಿಯ ಕಾರ್ಯದರ್ಶಿ ಕೆಲಸ ಕೇಳಿ ಪಡೆಯಿರಿ. ಅಪಘಾತ ಪ್ರಮಾಣದ ಲೆಕ್ಕ ಕಲಿಯಿರಿ: ರಜೆ ಹಾಕಬೇಕಾದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ದುಡಿದ ಒಟ್ಟು ಗಂಟೆಗಳಿಂದ ಭಾಗಿಸಬೇಕು. 4 ಲಕ್ಷ ಗಂಟೆಗೆ 2 ಗಾಯವಾದರೆ ಪ್ರಮಾಣ 5. ಹೊಲಿಗೆ ಸಾಲಿನಲ್ಲಿ ಬಹುಪಾಲು ಹೆಣ್ಣುಮಕ್ಕಳೇ ಇರುತ್ತಾರೆ. ಸೂಜಿ ಚುಚ್ಚಿದ್ದು, ಬೆನ್ನು ನೋವು, ಮೂತ್ರಕ್ಕೆ ಹೋಗಲು ಬಿಡುವುದಿಲ್ಲವೆಂದು ನೀರೇ ಕುಡಿಯದಿರುವುದು, ಇವನ್ನೆಲ್ಲ ಅವರು ಗಂಡು ಅಧಿಕಾರಿಯ ಮುಂದೆ ಬಾಯಿ ಬಿಟ್ಟು ಹೇಳುವುದು ಕಡಿಮೆ. ನೀವು ಕೇಳಿದರೆ ಹೇಳುತ್ತಾರೆ. ಅದನ್ನು ಅಂದೇ ರಿಜಿಸ್ಟರ್‌ಗೆ ಬರೆದು, ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ.