ಸಾಕಿದ ಹಾವಿಗೆ ಪ್ರಾಯ ಬಂದದ್ದನ್ನು ತಿಳಿಯುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿದ್ದ ನನ್ನ ಭಾವಮೈದುನ ವಿದೇಶಕ್ಕೆ ಹೊರಡುವಾಗ ತಾನು ಸಾಕಿದ್ದ ಬಾಲ್ ಪೈತಾನ್ ಹಾವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದಾನೆ. ಅದಕ್ಕೆ ಎರಡು ವರ್ಷ ತುಂಬಿದೆ. ಉದ್ದ ಸುಮಾರು ಮೂರು ಅಡಿ, ತೂಕ 780 ಗ್ರಾಂ. ಗಂಡೋ ಹೆಣ್ಣೋ ತಿಳಿಯದು. ಡಿಸೆಂಬರ್‌ನಿಂದ ಇಲಿಯನ್ನು ಮುಟ್ಟುತ್ತಿಲ್ಲ. ಇದು ಪ್ರಾಯಕ್ಕೆ ಬಂದು ಬೆಳವಣಿಗೆ ನಿಂತಿರುವುದರ ಲಕ್ಷಣವೇ?
– ಓದುಗರು, ಮೂಡಿಗೆರೆ

ಉತ್ತರ: ಎರಡು ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಹಾವು ಪ್ರಾಯಕ್ಕೆ ಬಂದಿದೆ ಎನ್ನಲಾಗದು. ಹಾವುಗಳಲ್ಲಿ ಪ್ರೌಢತೆ ವಯಸ್ಸಿಗಿಂತ ಹೆಚ್ಚಾಗಿ ಮೈಗಾತ್ರವನ್ನು ಅವಲಂಬಿಸಿರುತ್ತದೆ. ಮೈಗಾತ್ರವಾದರೋ ಸಿಕ್ಕ ಆಹಾರವನ್ನೂ ಶಾಖವನ್ನೂ ಅವಲಂಬಿಸಿರುತ್ತದೆ. ಪ್ರಾಯ ಬಂದ ಮೇಲೂ ಹಾವು ನಿಧಾನವಾಗಿ ಬೆಳೆಯುತ್ತಲೇ ಇರುವುದರಿಂದ ಬೆಳವಣಿಗೆ ನಿಂತಿತೇ ಎಂಬ ಪ್ರಶ್ನೆಯನ್ನು ಬದಿಗಿಡಬಹುದು.

ಬಾಲ್ ಪೈತಾನ್‌ಗಳಲ್ಲಿ ಗಂಡು ಸಾಮಾನ್ಯವಾಗಿ 500ರಿಂದ 700 ಗ್ರಾಂ ತೂಗುವ ಹೊತ್ತಿಗೆ, ಹಲವು ಬಾರಿ ಎರಡು ವರ್ಷ ತುಂಬುವ ಮೊದಲೇ, ಪ್ರಾಯಕ್ಕೆ ಬರುತ್ತದೆ. ಹೆಣ್ಣು ಮೊಟ್ಟೆಯಿಡಲು ಸಮರ್ಥವಾಗುವುದು ಸುಮಾರು 1,500 ಗ್ರಾಂ ತಲುಪಿದ ಮೇಲೆ. ಅದಕ್ಕೆ ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ನಿಮ್ಮ ಹಾವು ಗಂಡಾದರೆ ಬಹುಮಟ್ಟಿಗೆ ಪ್ರೌಢ, ಹೆಣ್ಣಾದರೆ ಇನ್ನೂ ಎಳೆಯದು. ಲಿಂಗ ತಿಳಿಯಲು ಹಾವುಗಳ ಅನುಭವವಿರುವ ಪಶುವೈದ್ಯರು ಬಾಲದ ಬುಡದಲ್ಲಿ ನಯವಾದ ಸಣ್ಣ ಸಲಾಕೆ ತೂರಿಸಿ ಆಳ ನೋಡುತ್ತಾರೆ. ಗಂಡಿನಲ್ಲಿ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಮನೆಯಲ್ಲಿ ಈ ಪ್ರಯೋಗ ಬೇಡ, ಗಾಯವಾಗುತ್ತದೆ. ಅಲ್ಲಿ ಕಾಣುವ ಪುಟ್ಟ ಉಗುರಿನಂಥ ಮುಳ್ಳುಗಳು ಎರಡೂ ಲಿಂಗಗಳಲ್ಲಿ ಇರುವುದರಿಂದ ಅವನ್ನು ನಂಬಿ ತೀರ್ಮಾನಿಸಲಾಗದು.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾವನ್ನಿರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಡಬ್ಬಿಯ ತೂಕ ಕಳೆದು ಬರೆದಿಡಿ. ಕಳಚಿದ ಪೊರೆಯನ್ನು ಅಳೆದು ಉದ್ದ ಹೇಳುವವರಿದ್ದಾರೆ. ಕಳಚುವಾಗ ಪೊರೆ ಹಿಗ್ಗುವುದರಿಂದ ಅದು ಹಾವಿಗಿಂತ ಉದ್ದವಾಗಿಯೇ ಇರುತ್ತದೆ. ಪ್ರಾಯ ಬಂದಂತೆ ಪೊರೆ ಬಿಡುವ ಅಂತರ ಹೆಚ್ಚುವುದು ನಿಜವಾದರೂ, ಮೇವು ಕಡಿಮೆಯಾದಾಗಲೂ ಹಾಗೆಯೇ ಆಗುತ್ತದೆ. ಅತಿಯಾಗಿ ತಿನ್ನಿಸಿ ತೂಕ ಬರಿಸಿದರೆ ಕೊಬ್ಬು ಬೆಳೆಯುತ್ತದೆಯೇ ಹೊರತು ಪ್ರಾಯ ಬಂದಂತಾಗುವುದಿಲ್ಲ.

ಇನ್ನು ಉಪವಾಸದ ಮಾತು. ಪ್ರಾಯದ ಗಂಡು ಬಾಲ್ ಪೈತಾನ್ ಬೆದೆಗಾಲದಲ್ಲಿ ತಿಂಗಳುಗಟ್ಟಲೆ ಮೇವು ಬಿಡುವುದುಂಟು, ಆದರೂ ತೂಕ ಹೆಚ್ಚು ಇಳಿಯುವುದಿಲ್ಲ. ಆದರೆ ಮಲೆನಾಡಿನ ಡಿಸೆಂಬರ್ ರಾತ್ರಿಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ಚಳಿಯ ಮೇಲೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 26 ಡಿಗ್ರಿಯಷ್ಟು ಇಲ್ಲದಿದ್ದರೆ ಇದಕ್ಕೆ ತಿಂದದ್ದು ಅರಗದು. ಆದ್ದರಿಂದ ಥರ್ಮಾಮೀಟರಿನ ತುದಿಯನ್ನು ಹಾವು ಮಲಗುವ ನೆಲದ ಮೇಲೇ ಇಟ್ಟು, ಬೆಳಗಿನ ಜಾವ ನೋಡಿ. ಶಾಖ ಸರಿಯಿದ್ದೂ ತೂಕ ಹತ್ತನೇ ಒಂದು ಭಾಗದಷ್ಟು ಇಳಿದರೆ, ಅಥವಾ ಬಾಯಲ್ಲಿ ನೊರೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಕಂಡರೆ, ಪಶುವೈದ್ಯರಿಗೆ ತೋರಿಸುವುದನ್ನು ತಡಮಾಡಬೇಡಿ.

ನೀವು ಕೇಳದಿದ್ದರೂ ಒಂದು ಮಾತು: ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಈ ಹಾವನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿರಬೇಕು. ಹಾವು ಕೈಬದಲಾದದ್ದನ್ನೂ ಅಲ್ಲಿ ತಿಳಿಸಬೇಕಾದುದರಿಂದ, ಭಾವಮೈದುನನ ಬಳಿಯಿರುವ ಕಾಗದಪತ್ರಗಳನ್ನು ಕೂಡಲೇ ತರಿಸಿಕೊಳ್ಳಿ.